ವಚನಗುಪ್ತಿ ಇಲ್ಲದ ಅನೇಕಾಂತ

ಸಿಂಧನೂರು–ಲಿಂಗಸುಗೂರು ಮಾರ್ಗದಲ್ಲಿರುವ ಮಸ್ಕಿಯ ಬಂಡೆಶಾಸನವು 1915ರಲ್ಲಿ ಬೆಳಕಿಗೆ ಬಂದು, 'ದೇವಾನಾಂಪ್ರಿಯ'ನು ಅಶೋಕನೇ ಎಂಬುದನ್ನು ಲೋಕಕ್ಕೆ ತಿಳಿಸಿತು. ಈ ಸೀಮೆಯವರಾದ ನಮಗೆ ಇದು ಹೆಮ್ಮೆಯ ವಿಷಯ. ಆದರೆ ಜನರು ಪಂಗಡ ಪಂಗಡವಾಗಿ ಬೇರ್ಪಡುತ್ತಿರುವ ಇಂದಿಗೆ ಹೆಚ್ಚು ಸಲ್ಲುವ ಮಾತು ಆತನ ಹನ್ನೆರಡನೆಯ ಶಾಸನದಲ್ಲಿದೆ. ಅದರ ಪ್ರತಿಯೊಂದು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಕಾಳಿಯ ವಿಗ್ರಹಕ್ಕೆ ಪೀಠವಾಗಿದ್ದ ಕಲ್ಲಿನ ಮೇಲೆ ದೊರೆತಿದೆ.

ಎಲ್ಲ ಪಂಥಗಳ ಸಾರವೃದ್ಧಿಗೆ ಮಾತಿನ ಸಂಯಮವೇ ಮೂಲವೆಂದೂ, ಸಂದರ್ಭವಿಲ್ಲದೆ ಸ್ವಪಂಥವನ್ನು ಹೊಗಳಿ ಪರಪಂಥವನ್ನು ಹಳಿಯುವವನು ತನ್ನ ಪಂಥಕ್ಕೇ ಕೇಡು ತರುವನೆಂದೂ ಅದರ ಅಭಿಪ್ರಾಯ. ಆ ಸಂಯಮಕ್ಕೆ ಶಾಸನದ ಪ್ರಾಕೃತವು ಬಳಸಿರುವ 'ವಚಗುತಿ' ನಮ್ಮ 'ವಚನಗುಪ್ತಿ'ಯೇ ಅಲ್ಲವೆ? ಪರನಿಂದೆ, ಆತ್ಮಪ್ರಶಂಸೆಗಳು ನೀಚಗೋತ್ರದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವೂ ಹೇಳುತ್ತದೆ.

ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಬೇರೊಂದು ಶಾಸನ. 1368ರಲ್ಲಿ ಬುಕ್ಕರಾಯನು ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿರಿಸಿದ ವೃತ್ತಾಂತವದು. ಶ್ರವಣಬೆಳಗೊಳದ ಆ ಬರಹದಲ್ಲಿ ವಾದ್ಯ-ಕಲಶಗಳ ಹಕ್ಕುಂಟು, ಮನೆಗೊಂದು ಹಣದ ವಂತಿಗೆಯುಂಟು, ಕಾವಲಿಗೆ ಇಪ್ಪತ್ತು ಆಳುಗಳುಂಟು. ಒಬ್ಬರ ತತ್ತ್ವವನ್ನು ಮತ್ತೊಬ್ಬರು ಕುಳಿತು ಕೇಳಿದ ಸುದ್ದಿಯಿಲ್ಲ. ಕಲಹ ನಿಂತದ್ದು ಸಣ್ಣ ಸಂಗತಿಯಲ್ಲ. ಆದರೂ ರಾಜಾಜ್ಞೆಯ ಶಾಂತಿ ಬೇರೆ, ಸಂವಾದ ಬೇರೆ.

ನಮ್ಮ ತತ್ತ್ವಚರ್ಚೆಗಳ ಸ್ಥಿತಿಯೇನು? ಅನೇಕಾಂತದ ಮೇಲೆ ಉಪನ್ಯಾಸ ನಡೆಯುತ್ತದೆ. ಆರು ಕುರುಡರೂ ಆನೆಯೂ ಬಂದೇ ಬರುತ್ತವೆ. ಪರದರ್ಶನಗಳೆಲ್ಲ ಕುರುಡರ ಪಾಲಿಗೆ, ಪೂರ್ಣದೃಷ್ಟಿ ನಮ್ಮ ಪಾಲಿಗೆ! ನೆರೆಯ ಲಿಂಗಾಯತ ಅಥವಾ ಮುಸ್ಲಿಂ ಬಂಧುವನ್ನು ಕರೆದರೆ ಹಾರ ಹಾಕಿ ಎರಡು ಮಾತಿಗೆ ಮುಗಿಸುತ್ತೇವೆ. ಜಮೆಯನ್ನಷ್ಟೇ ಬರೆದ ಖಾತೆಯನ್ನು ಯಾವ ಲೆಕ್ಕಪರಿಶೋಧಕನೂ ಒಪ್ಪನು. ಅನೇಕಾಂತವೇ ಆತ್ಮಪ್ರಶಂಸೆಯ ಸಾಧನವಾದರೆ ಅದು ಏಕಾಂತವಾದವೇ ಸರಿ.

ಎಂಟನೆಯ ಶತಮಾನದ ಹರಿಭದ್ರಸೂರಿಗಳ ಕ್ರಮ ಹೀಗಿರಲಿಲ್ಲ. ಅವರ ಷಡ್ದರ್ಶನಸಮುಚ್ಚಯವು ಬೌದ್ಧ, ನ್ಯಾಯ, ಸಾಂಖ್ಯಾದಿ ಮತಗಳನ್ನು ಖಂಡನೆಗೆ ತೊಡಗದೆ ನಿರೂಪಿಸುತ್ತದೆ. ನಮ್ಮ ಚರ್ಚೆಗಳಿಗೂ ಅದೇ ನಿಯಮವಾಗಲಿ. ಅತಿಥಿಯು ತನ್ನ ಮತವನ್ನು ತಾನೇ ಹೇಳಲಿ. ನಮ್ಮ ವಕ್ತಾರನು ಅದನ್ನು ಆತನು ಒಪ್ಪುವಂತೆ ಪುನಃ ನಿರೂಪಿಸಿದ ಮೇಲೆಯೇ ಉತ್ತರಕ್ಕೆ ತೊಡಗಲಿ. ಬರುವ ಪರ್ಯುಷಣದ ನಂತರ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಒಂದೊಂದು ಭಾನುವಾರ ಇಂತಹ ಸಭೆಗೆ ತಮ್ಮ ಸಭಾಭವನಗಳನ್ನು ತೆರೆದು, ಕೊನೆಯ ಮಾತನ್ನು ಅತಿಥಿಗೇ ಬಿಡಲು ಟ್ರಸ್ಟುಗಳು ಸಿದ್ಧವಿವೆಯೆ?