ಹಳದಿ ನಾಯಿ ಕಂಡ ಊರು

ಪ್ರವಾಸದಿಂದ ಬಂದವರನ್ನು ಕೇಳುವ ಮೊದಲ ಪ್ರಶ್ನೆ ಎಲ್ಲ ಊರುಗಳಲ್ಲೂ ಒಂದೇ: "ಏನೇನು ನೋಡಿದಿರಿ?" 2023ರ ದಸರೆ ರಜೆಯಲ್ಲಿ ನಾನೂ ನನ್ನ ಅಕ್ಕನೂ ಹತ್ತು ದಿನಗಳ ಗುಂಪು ಪ್ರವಾಸದಲ್ಲಿ ರೋಮ್, ಫ್ಲಾರೆನ್ಸ್, ಪೀಸಾ, ವೆನಿಸ್, ಬಾರ್ಸಿಲೋನಾಗಳನ್ನು ಸುತ್ತಿ ಬಂದೆವು. ರಜೆ ಮುಗಿದು ಶಾಲೆಗೆ ಹೋದ ದಿನ ಶಿಕ್ಷಕರ ಕೊಠಡಿಯಲ್ಲಿ ಈ ಪ್ರಶ್ನೆ ನನಗೂ ಎದುರಾಯಿತು. ನಾನು ಹಾಜರಿ ಕರೆದಂತೆ ಒಂದೊಂದೇ ಹೆಸರು ಹೇಳುತ್ತಾ ಹೋದೆ. ಕೊಲೋಸಿಯಂ, ವ್ಯಾಟಿಕನ್, ಟ್ರೆವಿ ಕಾರಂಜಿ, ವಾಲಿದ ಗೋಪುರ, ಗೊಂಡೋಲ, 1882ರಲ್ಲಿ ಕಟ್ಟಲು ಶುರು ಮಾಡಿದ ಸಗ್ರಾಡಾ ಫಮಿಲಿಯಾ ಚರ್ಚು. ಐದು ನಿಮಿಷದಲ್ಲಿ ಎಲ್ಲ ಮುಗಿಯಿತು. "ಪುಣ್ಯವಂತರು ಬಿಡಿ" ಎಂದು ನಾನು ತಂದಿದ್ದ ಚಾಕೊಲೇಟನ್ನು ಬಾಯಿಗೆ ಹಾಕಿಕೊಂಡು ಅವರೆಲ್ಲ ತಮ್ಮ ತಮ್ಮ ತರಗತಿಗೆ ಹೋದರು. ವರ್ಷಗಟ್ಟಲೆ ಕಟ್ಟಿದ ಚೀಟಿಯ ಹಣ, ಹತ್ತು ದಿನಗಳ ಓಡಾಟ, ಹೇಳುವುದಕ್ಕೆ ಐದು ನಿಮಿಷ! ನನಗೇ ನಾಚಿಕೆಯಾಯಿತು.

ಆ ಸಂಜೆ ನನಗೊಂದು ಹಳೆಯ ಪುಸ್ತಕ ನೆನಪಿಗೆ ಬಂತು. ಇ. ಎಂ. ಫಾರ್ಸ್ಟರ್ ಎಂದರೆ ಬಿ.ಎ. ಓದಿದವರಿಗೆಲ್ಲ 1924ರ 'ಎ ಪ್ಯಾಸೇಜ್ ಟು ಇಂಡಿಯಾ' ನೆನಪಾಗುತ್ತದೆ. ಅದಕ್ಕೂ ಮೊದಲು, 1908ರಲ್ಲಿ, ಆತ 'ಎ ರೂಮ್ ವಿತ್ ಎ ವ್ಯೂ' ಎಂಬ ಸಣ್ಣ ಕಾದಂಬರಿ ಬರೆದ. 1985ರಲ್ಲಿ ಅದು ಚಲನಚಿತ್ರವಾದಾಗ ಚಿತ್ರಕಥೆ ಬರೆದವರು ದೆಹಲಿಯಲ್ಲಿ ಬಹುಕಾಲ ಸಂಸಾರ ಮಾಡಿದ್ದ ರೂತ್ ಪ್ರವರ್ ಜಾಬ್ವಾಲಾ. ಫಾರ್ಸ್ಟರ್ ತನ್ನ ತಾಯಿಯ ಜೊತೆಗೆ 1901ರಿಂದ ಸುಮಾರು ಒಂದು ವರ್ಷ ಇಟಲಿಯಲ್ಲಿ ತಿರುಗಾಡಿದವನು. ಪ್ರವಾಸಿಗಳ ವಸತಿಗೃಹ, ಊಟದ ಮೇಜಿನ ಹರಟೆ, ಒಂಟಿ ಹೆಂಗಸರ ಸಣ್ಣಪುಟ್ಟ ಜಗಳ ಇವೆಲ್ಲ ಅವನು ಕಣ್ಣಾರೆ ಕಂಡದ್ದೇ.

ಕಥೆ ಸರಳ. ಲೂಸಿ ಎಂಬ ಹುಡುಗಿ ತನ್ನ ದೊಡ್ಡ ವಯಸ್ಸಿನ ಸಂಬಂಧಿ ಷಾರ್ಲೆಟ್ ಜೊತೆ ಫ್ಲಾರೆನ್ಸಿಗೆ ಬರುತ್ತಾಳೆ. ಆರ್ನೋ ನದಿ ಕಾಣುವ ಕೊಠಡಿ ಕೊಡುತ್ತೇವೆಂದವರು ಅಂಗಳ ಕಾಣುವ ಕೊಠಡಿ ಕೊಟ್ಟಿರುತ್ತಾರೆ. ಎಮರ್ಸನ್ ಎಂಬ ಮುದುಕ ಮತ್ತು ಅವನ ಮಗ ಜಾರ್ಜ್ ತಮ್ಮ ಕೊಠಡಿಗಳನ್ನು ಬಿಟ್ಟುಕೊಡಲು ಮುಂದಾಗುತ್ತಾರೆ. ಅಷ್ಟರಿಂದ ಕಥೆ ಬೆಳೆಯುತ್ತದೆ. ನಡುವೆ ಒಂದು ದಿನ ಎಲ್ಲರೂ ಗಾಡಿ ಮಾಡಿಕೊಂಡು ಗುಡ್ಡ ನೋಡಲು ಹೋಗುತ್ತಾರೆ. ಆ ಗಾಡಿಯಲ್ಲಿ ಈಗರ್ ಎಂಬ ಪಾದ್ರಿ ಇದ್ದಾನೆ. ಆತ ಫ್ಲಾರೆನ್ಸಿನಲ್ಲೇ ಮನೆ ಮಾಡಿಕೊಂಡ ಇಂಗ್ಲಿಷಿನವನು. ಪ್ರವಾಸಿಗಳೆಂದರೆ ಊರಿಂದೂರಿಗೆ ಸಾಗಿಸುವ ಪಾರ್ಸಲ್ಲುಗಳು ಎಂದು ಅವನ ಅನುಕಂಪ. ಆಗ ಅವನು ಒಂದು ನಗೆಹನಿ ಹೇಳುತ್ತಾನೆ. ಅಮೆರಿಕದ ಒಬ್ಬ ಹುಡುಗಿ ರೋಮಿನಲ್ಲಿ ನಾವು ಏನು ನೋಡಿದೆವೆಂದು ಅಪ್ಪನನ್ನು ಕೇಳುತ್ತಾಳೆ. ನಾವು ಹಳದಿ ನಾಯಿಯನ್ನು ಕಂಡ ಊರೇ ರೋಮ್ ಇರಬೇಕು ಎಂದು ಅಪ್ಪ ಉತ್ತರಿಸುತ್ತಾನೆ.

ಇಪ್ಪತ್ತರ ವಯಸ್ಸಿನಲ್ಲಿ ಇದನ್ನು ಓದಿ ನಾನು ಚೆನ್ನಾಗಿ ನಕ್ಕಿದ್ದೆ. ರೋಮಿಗೆ ಹೋಗಿ ನಾಯಿ ನೋಡಿದವನನ್ನು ಕಂಡು ಯಾರು ತಾನೇ ನಗುವುದಿಲ್ಲ? ಈಗ ನನಗೆ ನಗು ಬರಲಿಲ್ಲ. ಆ ಅಪ್ಪ ಸುಳ್ಳು ಹೇಳಲಿಲ್ಲವಲ್ಲ! ಕೊಲೋಸಿಯಂ ಹೇಗಿದೆ ಎಂದು ಅವನು ಊರಲ್ಲೇ ಕುಳಿತು ಚಿತ್ರದಲ್ಲಿ ನೋಡಿದ್ದ. ಹಳದಿ ನಾಯಿಯನ್ನು ಮಾತ್ರ ಅಲ್ಲಿಗೆ ಹೋಗಿಯೇ ನೋಡಬೇಕಾಯಿತು. ಇಡೀ ರೋಮಿನಲ್ಲಿ ಅವನ ಸ್ವಂತದ್ದೆಂದರೆ ಅದೊಂದೇ.

ಫಾರ್ಸ್ಟರನಿಗೂ ಇದು ಗೊತ್ತಿತ್ತು ಎಂದೇ ನನ್ನ ಅಭಿಪ್ರಾಯ. ಅವನು ಈ ಹಾಸ್ಯವನ್ನು ಒಳ್ಳೆಯವರ ಬಾಯಲ್ಲಿ ಹೇಳಿಸಲಿಲ್ಲ. ಅದೇ ಗಾಡಿಯಲ್ಲಿ ಗಾಡಿ ಹೊಡೆಯುವ ಹುಡುಗನ ಪಕ್ಕ ಕುಳಿತ ಅವನ ಪ್ರೀತಿಯ ಹುಡುಗಿಯನ್ನು ಕೆಳಗಿಳಿಸುವವನೂ ಇದೇ ಈಗರ್. ಹಾಗೆಯೇ ಇನ್ನೊಂದು ಅಧ್ಯಾಯ ನೋಡಿ. ಸಾಂತಾ ಕ್ರೋಚೆ ಚರ್ಚಿಗೆ ಬಂದ ಲೂಸಿಯ ಕೈಯಲ್ಲಿ ಬೇಡೆಕರ್ ಇಲ್ಲ. ಬೇಡೆಕರ್ ಎಂದರೆ ಜರ್ಮನಿಯ ಕೆಂಪು ರಟ್ಟಿನ ಮಾರ್ಗದರ್ಶಿ ಪುಸ್ತಕ, ಅಂದಿನ ಪ್ರವಾಸಿಗಳ ಪಂಚಾಂಗ. ಜೊತೆಯಲ್ಲಿ ಬಂದ ಲೇಖಕಿ ಅದನ್ನು ಕಿತ್ತುಕೊಂಡು ಎಲ್ಲೋ ಹೊರಟುಹೋಗಿದ್ದಾಳೆ. ಯಾವ ಸಮಾಧಿಯನ್ನು ನೋಡಿ ಮೆಚ್ಚಬೇಕೆಂದು ತಿಳಿಯದೆ ಲೂಸಿಗೆ ಅಳು ಬರುವಂತಾಗುತ್ತದೆ. ಆಮೇಲೆ ನಿಧಾನವಾಗಿ ಅವಳು ಸುತ್ತಲಿನ ಜನರನ್ನು ನೋಡತೊಡಗುತ್ತಾಳೆ. ಮಕ್ಕಳು ಓಡಾಡುತ್ತಿವೆ, ಒಂದು ಮಗು ಬಿಷಪ್ಪನ ಸಮಾಧಿಗೆ ಕಾಲು ತಗಲಿಸಿಕೊಂಡು ಬೀಳುತ್ತದೆ. ಅದನ್ನು ಎತ್ತಲು ಅವಳು ಓಡುತ್ತಾಳೆ. ಅವಳು ಸಂತೋಷಪಡಲು ಕಲಿಯುವುದು ಅಲ್ಲಿಂದ. ಆ ಮಗು ಲೂಸಿಯ ಹಳದಿ ನಾಯಿ.

ಇಷ್ಟರಮಟ್ಟಿಗೆ ಕಾದಂಬರಿ ನನ್ನ ಪಕ್ಷ. ಆದರೆ ಇನ್ನೊಂದು ವಿಷಯದಲ್ಲಿ ಅದರೊಡನೆ ನನಗೆ ಜಗಳವಿದೆ. ಪುಸ್ತಕವನ್ನು ಬಿಸಾಡಿ ದಾರಿ ತಪ್ಪಿ ಅಲೆಯಿರಿ, ಆಗ ಊರು ತನ್ನನ್ನು ತೋರಿಸುತ್ತದೆ ಎಂಬ ಉಪದೇಶ ಇಲ್ಲಿಂದ ಹೊರಟು ಇಂದಿನ ಪ್ರವಾಸಕಥನಗಳವರೆಗೂ ಬಂದಿದೆ. ಕೇಳಲು ಬಹಳ ಚೆನ್ನಾಗಿದೆ. ದಾರಿ ತಪ್ಪಲು ಯಾರಿಗೆ ಪುರುಸೊತ್ತಿದೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಲೂಸಿಗೆ ವಾರಗಟ್ಟಲೆ ಸಮಯವಿತ್ತು, ಮನೆಯಲ್ಲಿ ದುಡ್ಡಿತ್ತು, ಅಡಿಗೆಯ ಚಿಂತೆ ಇರಲಿಲ್ಲ. ಸಾಂತಾ ಕ್ರೋಚೆಗೆ ನಮಗೆ ಕೊಟ್ಟ ಸಮಯ ಅರ್ಧ ಗಂಟೆ. ಮೈಕೆಲಾಂಜೆಲೊ, ಮಾಕಿಯವೆಲ್ಲಿ, ಗೆಲಿಲಿಯೋ ಮೂವರೂ ಅಲ್ಲೇ ಮಲಗಿದ್ದಾರೆ. ಭೂಮಿ ಸುತ್ತುತ್ತದೆ ಎಂದದ್ದಕ್ಕೆ 1633ರಲ್ಲಿ ಶಿಕ್ಷೆಗೆ ಒಳಗಾದ ಗೆಲಿಲಿಯೋನ ದೇಹವನ್ನು ಈ ದೊಡ್ಡ ಸಮಾಧಿಗೆ ತಂದದ್ದು 1737ರಲ್ಲಿ, ಅವನು ಸತ್ತು 95 ವರ್ಷಗಳಾದ ಮೇಲೆ. ನಾನು ಅದರ ಮುಂದೆ ನಿಂತು ಆ ಲೆಕ್ಕ ಹಾಕುವುದರೊಳಗೆ ನಮ್ಮ ಮಾರ್ಗದರ್ಶಿ ಛತ್ರಿ ಎತ್ತಿದ್ದ. ಆ ಛತ್ರಿಯನ್ನು ಕಳೆದುಕೊಂಡರೆ ಬಸ್ಸು ತಪ್ಪುತ್ತದೆ, ಬಸ್ಸು ತಪ್ಪಿದರೆ ಭಾಷೆ ತಿಳಿಯದ ಊರಿನಲ್ಲಿ ಮಂಡಿನೋವಿನ ಅಕ್ಕನನ್ನು ಕಟ್ಟಿಕೊಂಡು ನಾನೇನು ಮಾಡಲಿ? ನಮ್ಮಂಥವರಿಗೆ ಛತ್ರಿಯೇ ಸ್ವಾತಂತ್ರ್ಯ. ಅದಿಲ್ಲದಿದ್ದರೆ ನಾವು ಊರು ಬಿಡುತ್ತಲೇ ಇರಲಿಲ್ಲ.

ಕಾದಂಬರಿಯ ಕೊನೆಯಲ್ಲಿ ಲೂಸಿ ಮತ್ತು ಜಾರ್ಜ್ ಮದುವೆಯಾಗಿ ಮತ್ತೆ ಅದೇ ವಸತಿಗೃಹಕ್ಕೆ ಬಂದು, ಅದೇ ನದಿಯನ್ನು ನೋಡುತ್ತಾ ಕಿಟಕಿಯಲ್ಲಿ ಕೂರುತ್ತಾರೆ. ನನಗೆ ಚುಚ್ಚಿದ್ದು ಈ ಪುಟ. ಅದು ಮತ್ತೆ ಮತ್ತೆ ಹೋಗಬಲ್ಲವರ ಪುಸ್ತಕ. ನಾವು ಒಮ್ಮೆ ಹೋಗುವವರು. ಟ್ರೆವಿ ಕಾರಂಜಿಗೆ ನಾಣ್ಯ ಎಸೆದರೆ ರೋಮಿಗೆ ಮರಳಿ ಬರುತ್ತೇವೆಂಬ ನಂಬಿಕೆ ಇದೆಯಂತೆ. ಗುಂಪಿನವರೆಲ್ಲ ಎಸೆದರು. ಅಕ್ಕ ಎಸೆಯಲಿಲ್ಲ. "ಇನ್ನೂ ಕಾಶಿಗೇ ಹೋಗಿಲ್ಲ, ಇಲ್ಲಿಗೆ ಇನ್ನೊಂದು ಸಲ ಯಾರು ಬರ್ತಾರೆ?" ಎಂದು ಸೆರಗು ಸರಿಮಾಡಿಕೊಂಡಳು. ಆ ನಾಣ್ಯಗಳು ಬಡವರ ಸಹಾಯಕ್ಕೆ ಹೋಗುತ್ತವೆ ಎಂದು ಮಾರ್ಗದರ್ಶಿ ಹೇಳಿದ ಮೇಲೆ ಒಂದು ಹಾಕಿದಳು. ಮರಳಿ ಬರುವ ಆಸೆಯಿಂದಲ್ಲ, ಹುಂಡಿಗೆ ಹಾಕಿದಂತೆ.

ಹಾಗಾದರೆ ಒಂದೇ ಸಲ, ಓಡುತ್ತಾ ಓಡುತ್ತಾ ನೋಡುವವರಿಗೆ ಹಳದಿ ನಾಯಿ ಕಾಣುವುದಿಲ್ಲವೇ? ಕಾಣುತ್ತದೆ. ಬಸ್ಸಿಗೆ ಕಾಯುವಾಗಲೇ ಕಾಣುತ್ತದೆ. ಕೊಲೋಸಿಯಂ ನೋಡಿ ಬಿಸಿಲಲ್ಲಿ ನಿಂತಿದ್ದಾಗ ಬೀದಿಯ ಬದಿಯಲ್ಲಿ ಮೊಣಕೈ ಎತ್ತರದ ಎರಕದ ಕಬ್ಬಿಣದ ಒಂದು ಕಂಬದಿಂದ ನೀರು ಸುರಿಯುತ್ತಿತ್ತು. ತಿರುಗಿಸುವ ಗುಬುಟಿಲ್ಲ, ನೀರು ನಿಲ್ಲುವುದೇ ಇಲ್ಲ. ಒಬ್ಬ ಮುದುಕಿ ಬಂದು ನಲ್ಲಿಯ ಬಾಯಿಗೆ ಬೆರಳು ಒತ್ತಿದಳು. ನಲ್ಲಿಯ ಬೆನ್ನಿನ ಮೇಲಿದ್ದ ಸಣ್ಣ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮಿತು. ಬಗ್ಗಿ ಬಾಯೊಡ್ಡಿ ಕುಡಿದು, ನಮ್ಮ ಕಡೆ ನೋಡಿ, ಕುಡಿಯಿರಿ ಎಂಬಂತೆ ಸನ್ನೆ ಮಾಡಿ ಹೋದಳು. ಇಂಥ ನಲ್ಲಿಗಳನ್ನು 1874ರಲ್ಲಿ ಹಾಕಲು ಆರಂಭಿಸಿದರಂತೆ. ಈಗ ರೋಮಿನಲ್ಲಿ ಸುಮಾರು 2,500 ಇವೆ. ಬಾಗಿದ ಮೂಗಿನಂತಿರುವುದರಿಂದ ಜನ ಅದಕ್ಕೆ 'ನಾಸೋನೆ', ಅಂದರೆ ದೊಡ್ಡ ಮೂಗು, ಎಂದು ಹೆಸರಿಟ್ಟಿದ್ದಾರೆ. ನಮ್ಮ ನಾಸಿಕಕ್ಕೂ ಅದಕ್ಕೂ ಇರುವ ನಂಟನ್ನು ನೆನೆದು ನನಗೆ ಯಾರೋ ಬಳಗದವರು ಸಿಕ್ಕಿದಂತಾಯಿತು. ಅಕ್ಕ ಬೆರಳೊತ್ತಿ ಮುಖವೆಲ್ಲ ನೆನೆಸಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕಳು. ಭಾವ ಹೋದ ಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ಇದನ್ನು ನಾನು ಶಿಕ್ಷಕರ ಕೊಠಡಿಯಲ್ಲಿ ಹೇಳಲೇ ಇಲ್ಲ! ಹೇಳುವ ವಿಷಯವೆಂದೇ ಅನ್ನಿಸಿರಲಿಲ್ಲ.

ಕಾದಂಬರಿಯ ಇನ್ನೊಂದು ಕೊರತೆಯನ್ನೂ ಹೇಳಬೇಕು. ಚೌಕದಲ್ಲಿ ಇಬ್ಬರು ಇಟಲಿಯವರು ಸಾಲದ ವಿಚಾರಕ್ಕೆ ಜಗಳವಾಡಿ, ಒಬ್ಬ ಇರಿತಕ್ಕೆ ಸಿಕ್ಕಿ ಲೂಸಿಯ ಕಣ್ಣೆದುರಿಗೇ ಸಾಯುತ್ತಾನೆ. ಲೂಸಿ ಮೂರ್ಛೆ ಹೋಗುತ್ತಾಳೆ, ಜಾರ್ಜ್ ಹಿಡಿದುಕೊಳ್ಳುತ್ತಾನೆ, ಪ್ರೀತಿ ಮೊಳೆಯುತ್ತದೆ. ಸತ್ತವನಿಗೆ ಒಂದು ಹೆಸರೂ ಇಲ್ಲ. ಅವನಿಗೆ ತಾಯಿ ಇದ್ದಳೇ, ಹೆಂಡತಿ ಇದ್ದಳೇ? ಇಂಗ್ಲಿಷರ ಮನಸ್ಸು ಅರಳಿಸಲು ಒಬ್ಬ ಇಟಲಿಯವನು ಸಾಯಬೇಕಾಯಿತು, ಅಷ್ಟೆ. ಈಗರ್ ಪಾದ್ರಿಯನ್ನು ಗೇಲಿ ಮಾಡುವ ಲೇಖಕನಿಗೂ ಆ ಊರು ಕೊನೆಗೆ ಒಂದು ನೋಟವೇ, ಯಾರದೋ ಮನೆಯಲ್ಲ.

ಇಂದು ಆ ಮನೆಯವರು ಮಾತಾಡತೊಡಗಿದ್ದಾರೆ. ವೆನಿಸ್‌ನ ಹಳೆಯ ದ್ವೀಪನಗರದಲ್ಲಿ 1951ರಲ್ಲಿ 1,70,000ಕ್ಕೂ ಹೆಚ್ಚು ಜನ ವಾಸವಾಗಿದ್ದರು. 2022ರ ಹೊತ್ತಿಗೆ ಅದು 50,000ಕ್ಕಿಂತ ಕೆಳಗಿಳಿಯಿತು. ನಾವು ಬಂದ ಮರುವರ್ಷ, 2024ರ ಏಪ್ರಿಲ್ 25ರಿಂದ, ಕೆಲವು ದಿನಗಳಲ್ಲಿ ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೋ ಪ್ರವೇಶ ಶುಲ್ಕ ಹಾಕಿದರು. ಅದೇ ಜುಲೈನಲ್ಲಿ ಬಾರ್ಸಿಲೋನಾದ ಜನ ಮೆರವಣಿಗೆ ಹೊರಟು, ಹೊರಗೆ ಊಟಕ್ಕೆ ಕುಳಿತ ಪ್ರವಾಸಿಗಳ ಮೇಲೆ ಮಕ್ಕಳ ಆಟದ ಪಿಸ್ತೂಲಿನಿಂದ ನೀರು ಹಾರಿಸಿದರು. ಮನೆಗಳೆಲ್ಲ ಪ್ರವಾಸಿಗಳ ಬಿಡದಿಯಾಗಿ ಬಾಡಿಗೆ ಕೈಗೆಟುಕದಂತಾದದ್ದು ಅವರ ಸಂಕಟ. ಪತ್ರಿಕೆಯಲ್ಲಿ ಓದಿದಾಗ ನನ್ನ ಮುಖಕ್ಕೇ ನೀರು ಬಿದ್ದಂತಾಯಿತು. ಆ ಊಟದ ಮೇಜಿನಲ್ಲಿ ನಾವೂ ಕುಳಿತವರೇ ಅಲ್ಲವೇ? ಈಗರ್ ಹೇಳಿದ್ದರಲ್ಲಿ ಅರ್ಧ ನಿಜವಿದೆ. ನಾವು ಪಾರ್ಸಲ್ಲುಗಳೇ. ಊರಿನವರಿಗೆ ಭಾರವಾಗುವ ಪಾರ್ಸಲ್ಲುಗಳು.

ವೆನಿಸ್ ಬಗ್ಗೆ ಅಕ್ಕ ಹೇಳುವುದು ಒಂದೇ ಮಾತು: "ಅಲ್ಲೂ ಕಾಲುವೆಯ ಮೇಲೆ ಕಿಟಕಿಯಿಂದ ಕಿಟಕಿಗೆ ಹಗ್ಗ ಕಟ್ಟಿ ಬಟ್ಟೆ ಒಣಗಿಸ್ತಾರೆ ಕಣೇ. ಮಗುವಿನ ಅಂಗಿ ಇತ್ತು." ಮೊದಲು ನಾನು ಈ ಮಾತಿಗೆ ನಗುತ್ತಿದ್ದೆ. ಈಗ ಯೋಚಿಸಿದರೆ, ನಲವತ್ತು ಜನರ ನಮ್ಮ ಗುಂಪಿನಲ್ಲಿ ಅಲ್ಲಿ ಇನ್ನೂ ಸಂಸಾರಗಳಿವೆ ಎಂದು ಗಮನಿಸಿದವಳು ಅವಳೊಬ್ಬಳೇ ಇರಬೇಕು.

"ದೇಶ ಸುತ್ತು, ಕೋಶ ಓದು" ಎಂದರು ಹಿರಿಯರು. ಸುತ್ತಿ ಬಂದವರು ಕೋಶದಲ್ಲಿ ಇದ್ದದ್ದನ್ನೇ ಮತ್ತೆ ಬರೆದರೆ ಎರಡೂ ದಂಡ. ನಮ್ಮಲ್ಲಿ ಶಿವರಾಮ ಕಾರಂತರ 'ಅಪೂರ್ವ ಪಶ್ಚಿಮ', 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಅಮೆರಿಕಾದಲ್ಲಿ ಗೊರೂರು' ಇಂದಿಗೂ ಓದಿಸಿಕೊಳ್ಳುವುದು ಕಟ್ಟಡಗಳ ಎತ್ತರದಿಂದಲ್ಲ, ನೋಡಿದವರು ಯಾರು ಎಂಬುದು ಪ್ರತಿ ಪುಟದಲ್ಲೂ ಕಾಣುವುದರಿಂದ. ಈಚೆಗೆ ನಾನು ಯಾವ ಪ್ರವಾಸಕಥನ ಹಿಡಿದರೂ ಮೊದಲು ಹುಡುಕುವುದು ಹಳದಿ ನಾಯಿಯನ್ನು. ಐವತ್ತು ಪುಟವಾದರೂ ಸಿಗದಿದ್ದರೆ ಪುಸ್ತಕ ಮುಚ್ಚಿಬಿಡುತ್ತೇನೆ.

ಇಷ್ಟು ಹೇಳಿದ ಮೇಲೆ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಹಿಂದೆ ನಮ್ಮ ಶಾಲೆಯ ಮಕ್ಕಳನ್ನು ಬೇಲೂರು, ಹಳೇಬೀಡಿಗೆ ಕರೆದುಕೊಂಡು ಹೋಗಿದ್ದೆವು. ಬಂದ ಮೇಲೆ ಪ್ರಬಂಧ ಬರೆಸಿದೆ. ಎಲ್ಲರೂ ಹೊಯ್ಸಳರು, ಶಿಲಾಬಾಲಿಕೆಯರು, ನಕ್ಷತ್ರಾಕಾರದ ಜಗತಿ ಎಂದು ನಾನು ಹೇಳಿಕೊಟ್ಟದ್ದನ್ನೇ ಬರೆದರು. ಒಬ್ಬ ಹುಡುಗಿ ಮಾತ್ರ ಎರಡು ಪುಟ ಚಪ್ಪಲಿ ಕಾಯುವ ಅಜ್ಜಿಯ ಬಗ್ಗೆ ಬರೆದಳು. ಅಜ್ಜಿ ಚೀಟಿ ಕೊಡುತ್ತಿರಲಿಲ್ಲವಂತೆ, ನಮ್ಮ ನಲವತ್ತು ಮಕ್ಕಳ ಚಪ್ಪಲಿಗಳಲ್ಲಿ ಯಾವುದು ಯಾರದೆಂದು ಕಾಲು ನೋಡಿಯೇ ಹೇಳುತ್ತಿದ್ದಳಂತೆ, ಹರಿದ ಚಪ್ಪಲಿಯ ಹುಡುಗಿಗೆ ತನ್ನ ಬಳಿಯಿದ್ದ ಪಿನ್ನು ಕೊಟ್ಟಳಂತೆ. ಹರಿದ ಚಪ್ಪಲಿ ಇವಳದೇ ಇರಬೇಕೆಂದು ಆಗ ನನಗೆ ಹೊಳೆಯಲಿಲ್ಲ. ಕೆಂಪು ಶಾಯಿಯಲ್ಲಿ 'ವಿಷಯಾಂತರ' ಎಂದು ಬರೆದು ಹತ್ತಕ್ಕೆ ನಾಲ್ಕು ಕೊಟ್ಟೆ.

ಅಂದು ತಿದ್ದಿದ ಉಳಿದ ಪ್ರಬಂಧಗಳಲ್ಲಿ ಒಂದು ವಾಕ್ಯವೂ ನನಗೆ ನೆನಪಿಲ್ಲ. ಆ ಅಜ್ಜಿಯ ಪಿನ್ನು ನೆನಪಿದೆ. ಈಗ ಶಾಲಾ ಪ್ರವಾಸದ ಮರುದಿನ ನಾನು ಮಕ್ಕಳಿಗೆ ಕೊಡುವ ವಿಷಯ ಬೇರೆ: ನಿನ್ನ ಪಕ್ಕದಲ್ಲಿ ಕುಳಿತವಳಿಗೆ ಕಾಣದೆ ನಿನಗೆ ಮಾತ್ರ ಕಂಡದ್ದು ಏನು? ಪ್ರತಿ ಸಲ ಹಾಗೆ ಕೇಳುವಾಗಲೂ, ಆ ಹುಡುಗಿಗೆ ಕೊಡಬೇಕಾಗಿದ್ದ ಆರು ಅಂಕಗಳ ಬಾಕಿ ನನ್ನ ಲೆಕ್ಕದಲ್ಲಿ ಹಾಗೆಯೇ ಉಳಿದಿದೆ.