‘ದ್ವೀಪ’ದಲ್ಲಿ ಏರುವ ನೀರು, ಭೀಮೆಯಲ್ಲಿ ಇಳಿಯುವ ನೀರು

ನಾನು ದಕ್ಷಿಣ ಸೊಲ್ಲಾಪುರದ ಭೀಮಾ ದಂಡೆಯ ಹಳ್ಳಿಯವಳು. ನಾ. ಡಿಸೋಜ ಅವರ ‘ದ್ವೀಪ’ದ ಬಗ್ಗೆ ನನ್ನ ತಕರಾರು ಹುಟ್ಟಿದ್ದು ಅಲ್ಲಿಂದಲೇ.

ಕಾದಂಬರಿಯ ಬಲ ದೊಡ್ಡದು. ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದ್ದು ವಿದ್ಯುತ್ತಿಗಾಗಿ, 1964ರಲ್ಲಿ ಮುಗಿಯಿತು. ಡಿಸೋಜ ಲೋಕೋಪಯೋಗಿ ಇಲಾಖೆಯ ನೌಕರರಾಗಿದ್ದವರು. ಆದರೂ ನೀರನ್ನು ಇಲಾಖೆಯ ಕಡತದಿಂದ ನೋಡದೆ ಗಣಪಯ್ಯನ ಅಂಗಳದಿಂದ ನೋಡುತ್ತಾರೆ. ಸುತ್ತ ನೀರು ಏರಿದಂತೆ ಗಂಡ ಹೆಂಡತಿಯ ನಡುವಿನ ನಂಬಿಕೆಯೂ ಕುಸಿಯುತ್ತದೆ. ಅಣೆಕಟ್ಟಿನ ಚರಿತ್ರೆ ಹೀಗೆ ಸಂಸಾರದೊಳಗೆ ಕಾಲಿಡುವುದು ಕನ್ನಡದಲ್ಲಿ ಅಪರೂಪ. ಗಿರೀಶ ಕಾಸರವಳ್ಳಿಯವರ ಸಿನಿಮಾ (2002) ಅದನ್ನೇ ನಾಗಿಯ ಕಡೆಗೆ ತಿರುಗಿಸಿತು.

ಆ ವಿದ್ಯುತ್ತು ಯಾವ ಊರಿಗೆ ಹೋಯಿತು, ಯಾವ ಕಾರ್ಖಾನೆ ನಡೆಸಿತು ಅನ್ನೋದು ಆ ಅಂಗಳದಿಂದ ಕಾಣುವುದಿಲ್ಲ. ಇದನ್ನು ದೋಷ ಅನ್ನಲಾರೆ. ನನ್ನ ತಕರಾರು ಇರೋದು ನಮ್ಮ ಓದಿನ ಮೇಲೆ. ಅಣೆಕಟ್ಟಿನ ಸಾಹಿತ್ಯ ಅಂದ್ರ ಮುಳುಗಡೆಯ ಸಾಹಿತ್ಯ ಅಂತ ತರಗತಿಯಲ್ಲಿ ಗೆರೆ ಎಳೆದುಬಿಟ್ಟೆವು.

ನಮ್ಮ ಉಜನಿ ನೋಡ್ರಿ. 1980ರಲ್ಲಿ ಪೂರ್ಣಗೊಂಡ ಜಲಾಶಯ, ಸುಮಾರು 117 ಟಿಎಂಸಿ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೃತ ಸಂಗ್ರಹ. ಮೇಲಿನಿಂದ ಪುಣೆ, ಪಿಂಪ್ರಿ-ಚಿಂಚವಡದ ಕೊಳಚೆ ಮುಳಾ-ಮುಠಾ ಹಿಡಿದು ಭೀಮೆಗೆ ಸೇರಿ ಅದರೊಳಗೆ ಬಂದು ನಿಲ್ತದ. ಕೆಳಗೆ ಕಾಲುವೆಯ ಉದ್ದಕ್ಕೂ ಕಬ್ಬು, ಸಕ್ಕರೆ ಕಾರ್ಖಾನೆ. ಬ್ಯಾಸಗಿಯಾಗ ಮಟ್ಟ ಮೃತ ಸಂಗ್ರಹಕ್ಕಿಂತ ಕೆಳಗಿಳಿದ್ರ ಪೇಪರಿನಾಗ ‘ಉಜನಿ ಮೈನಸ್’ ಅಂತ ಬರ್ತದ. “ಮೈನಸ್ ಅಂದ್ರ ನೀರು ಸಾಲ ತಂದಾರೇನವ್ವಾ?” ಅಂತ ನಮ್ಮ ಆಯಿ ಕೇಳಿದ್ದಳು.

ಅದೇ ಹೊತ್ತಿಗೆ ಮೇಲೆ, ಮುಳುಗಿದ್ದ ಪಳಸದೇವದ ಹಳೇ ಗುಡಿ ನೀರಿನಿಂದ ಎದ್ದು ಕಾಣ್ತದ, ಜನ ಫೋಟೋ ತೆಗೀತಾರ. ಮುಳುಗಡೆಯ ಕಥೆಗಾರನಿಗೆ ಅದು ಊರು ಮರಳಿದ ಗಳಿಗೆ. ದಂಡೆಯವರಿಗೆ ಮಾತ್ರ ಮೋಟರ್ ನಿಂತ ಗಳಿಗೆ. ಸೊಲ್ಲಾಪುರ ನಗರಕ್ಕೆ ಕುಡಿಯಲು ಅಂತ ನದಿಗೆ ಬಿಟ್ಟ ನೀರು ಹೊಲದ ಬದುವಿನ ಪಕ್ಕದಲ್ಲೇ ಹರಿದು ಹೋಗ್ತದ, ಅದು ನಮ್ಮದಲ್ಲ.

ಏರುವ ನೀರಿಗೆ ಕಥೆ ತಾನಾಗಿ ಸಿಗ್ತದ: ಇಂದು ಗದ್ದೆ, ನಾಳೆ ಹೊಸ್ತಿಲು. ಬಾರದ ನೀರಿಗೆ ಅಂಥ ಮೆಟ್ಟಿಲುಗಳಿಲ್ಲ. ಕಾಯೋದು, ಲೆಕ್ಕ ಹಾಕೋದು, ಕಬ್ಬು ಇಡೋದಾ ಜೋಳ ಬಿತ್ತೋದಾ ಅಂತ ಅಣ್ಣತಮ್ಮಂದಿರು ಜಗಳಾಡೋದು, ಇಷ್ಟೇ. ‘ದ್ವೀಪ’ದ ಅಂಗಳದಷ್ಟು ಹತ್ತಿರದಿಂದ ಈ ಜಗಳವನ್ನು ಬರೆದ ಕನ್ನಡ ಕಾದಂಬರಿ ನನಗಿನ್ನೂ ಸಿಕ್ಕಿಲ್ಲ. ನಿಮ್ಮಲ್ಲಿ ಯಾರಿಗಾದ್ರೂ ಸಿಕ್ಕಿದ್ರ ಮೈಕ್ ಆನ್ ಮಾಡಿ ಹೇಳ್ರಿ.