ಹದಿನಾರು ಮನೆಯ ತಾಳ

ಕನ್ನಡದಲ್ಲಿ ಎಲೆಕ್ಟ್ರಾನಿಕ್ ಸಂಗೀತ ಯಾರು ಮಾಡ್ತಾರೆ ಅಂತ ಕೇಳಿದರೆ ಹೆಚ್ಚಿನವರು ಬೆಂಗಳೂರಿನ ಕಡೆ ಕೈ ತೋರಿಸುತ್ತಾರೆ. ಸಿನಿಮಾ ಸ್ಟುಡಿಯೋ, ಇಲ್ಲವೇ ಯಾವುದೋ ಪಬ್ಬು. ನಾನು ಚನ್ನಗಿರಿ ತಾಲ್ಲೂಕಿನ ನಮ್ಮ ನಲ್ಲೂರಿನ ಕಡೆಗೇ ಕೈ ತೋರಿಸೋದು. ತಮಾಷೆಗಲ್ಲ. ಬೆಳಗ್ಗೆ ಅಡಿಕೆ ಚೇಣಿ ಕೆಲಸಕ್ಕೆ ಹೋಗಿ, ರಾತ್ರಿ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಮುಂದೆ ಕೂತು, ಯಾವ ಗುರುವೂ ಇಲ್ಲದೆ ಜನಪದ ಹಾಡಿಗೆ ಡಿಜೆ ರೀಮಿಕ್ಸ್ ಮಾಡೋ ಹುಡುಗರು ಇಲ್ಲಿದ್ದಾರೆ. ಹೊನ್ನಾಳಿ, ಜಗಳೂರು, ಹಾವೇರಿ, ಹುಬ್ಬಳ್ಳಿ ಕಡೆಯೂ ಇದ್ದಾರೆ. ಹಾಡಿನ ನಡುವೆ ಡಿಜೆ ಹೆಸರು, ಊರ ಹೆಸರು ಕೂಗೋ ಒಂದು ಗಡಸು ದನಿ ಕೇಳಿಸುತ್ತಲ್ಲ, ಅವರೇ.

ಇವರ ಬಗ್ಗೆ ನಮ್ಮಲ್ಲಿ ಇರೋದು ಎರಡೇ ಅಭಿಪ್ರಾಯ. ಗಣಪತಿ ಬಿಡುವ ದಿನ ಗಾಡಿ ಮುಂದೆ ಕುಣಿಯುವವರು ಸಿಳ್ಳೆ ಹೊಡೀತಾರೆ, ಕಿಟಕಿ ಮುಚ್ಚಿಕೊಳ್ಳುವವರು ಶಾಪ ಹಾಕ್ತಾರೆ. ಶಾಪ ಹಾಕುವವರ ಪರ ಕಾನೂನೂ ಇದೆ. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ ಜನವಸತಿ ಇರುವಲ್ಲಿ ಹಗಲು 55 ಡೆಸಿಬಲ್, ರಾತ್ರಿ 45 ಡೆಸಿಬಲ್ ಮಿತಿ. ಸರಿ, ಅದನ್ನು ಪೊಲೀಸರು ನೋಡಿಕೊಳ್ಳಲಿ. ಈ ಗಲಾಟೆಯಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ: ಸೌಂಡು ಕಮ್ಮಿ ಮಾಡಿಕೊಂಡು, ಮನೆಯಲ್ಲಿ ಕೂತು ಕೇಳಿದರೆ ಈ ಸಂಗೀತ ಚೆನ್ನಾಗಿದೆಯಾ? ಒಂದು ಭಾವಗೀತೆಯ ಸಿಡಿ ಬಂದರೆ ಪತ್ರಿಕೆಯಲ್ಲಿ ವಿಮರ್ಶೆ ಬರುತ್ತೆ. ಊರಿಗೆ ಊರೇ ಕೇಳೋ ಈ ಸಂಗೀತಕ್ಕೆ ಯಾಕಿಲ್ಲ?

ಮೊದಲು ಕೆಲಸ ಹೇಗೆ ನಡೆಯುತ್ತೆ ನೋಡೋಣ. ಹೆಚ್ಚಿನವರ ಕೈಯಲ್ಲಿರೋದು ಎಫ್ಎಲ್ ಸ್ಟುಡಿಯೋ ಅನ್ನೋ ಸಾಫ್ಟ್‌ವೇರು. 1997ರಲ್ಲಿ ಬೆಲ್ಜಿಯಂನಲ್ಲಿ ಫ್ರೂಟಿಲೂಪ್ಸ್ ಅನ್ನೋ ಹೆಸರಲ್ಲಿ ಹುಟ್ಟಿದ್ದು. ಅದರ ಬಿಟ್ಟಿ ಆವೃತ್ತಿಯಲ್ಲಿ ಒಂದು ಚಮತ್ಕಾರ ಇದೆ. ಮಾಡಿದ ಕೆಲಸವನ್ನು ಸೇವ್ ಮಾಡಬಹುದು, ಆದರೆ ನಾಳೆ ಮತ್ತೆ ತೆರೆಯೋಕೆ ಬರಲ್ಲ. ದುಡ್ಡು ಕೊಡಲಾಗದ ಹುಡುಗ ಒಂದೇ ರಾತ್ರಿ ಕೂತು ಹಾಡು ಮುಗಿಸಿ ಏಳಬೇಕು. ಇವರ ಹಾಡುಗಳಲ್ಲಿ ಕಾಣೋ ಅವಸರಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಇನ್ನೊಂದು, ಹಾಡಿನಿಂದ ದನಿಯನ್ನು ಬೇರ್ಪಡಿಸುವ ಸಾಧನ. 2019ರಲ್ಲಿ ಫ್ರಾನ್ಸಿನ ಡೀಜರ್ ಕಂಪನಿ ಸ್ಪ್ಲೀಟರ್ ಅನ್ನುವ ಪ್ರೋಗ್ರಾಮನ್ನು ಎಲ್ಲರಿಗೂ ಬಿಟ್ಟಿ ಕೊಟ್ಟ ಮೇಲೆ ಇದು ಸಲೀಸಾಯಿತು. ಮುಂಚೆಯಾದರೆ ಹಳೇ ಕ್ಯಾಸೆಟ್ಟಿನ ಹಾಡಿನ ಮೇಲೇ ಹೊಸ ಬೀಟು ಹಾಕಬೇಕಿತ್ತು, ಒಳಗಿನ ತಬಲಾಕ್ಕೂ ಹೊರಗಿನ ಡ್ರಮ್ಮಿಗೂ ಜಗಳ. ಈಗ ಹಾಡಿದಾಕೆಯ ದನಿ ಮಾತ್ರ ಬಿಡಿಸಿಕೊಂಡು, ಅದರ ಸುತ್ತ ಹೊಸ ಮನೆ ಕಟ್ಟಬಹುದು.

ಇವರಿಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲಿ. ಕಾಯಿಸೋದು ಇವರಿಗೆ ಚೆನ್ನಾಗಿ ಗೊತ್ತು. ಬೀಟು ತೆಗೆದು, ದನಿಯೊಂದನ್ನೇ ನಾಲ್ಕು ಸಾಲು ಬಿಟ್ಟು, ಜನ ಕೈ ಮೇಲೆತ್ತಿ ನಿಂತಾಗ ಕಿಕ್ಕು ಬೀಳಿಸೋದಿದೆಯಲ್ಲ, ಅದನ್ನು ಯಾವ ಸಂಗೀತ ಶಾಲೆಯೂ ಇವರಿಗೆ ಹೇಳಿಕೊಟ್ಟಿಲ್ಲ. ಆ ನಾಲ್ಕು ಸಾಲಿನಲ್ಲಿ ಒಬ್ಬ ಅಜ್ಜಿಯ ಸೋಬಾನೆ ಪದ ಐನೂರು ಜನಕ್ಕೆ ಕೇಳಿಸುತ್ತೆ. ನಮ್ಮ ಜಾನಪದ ಸಮ್ಮೇಳನಗಳಲ್ಲಿ ಅಷ್ಟು ಗಮನ ಕೊಟ್ಟು ಕೇಳೋರು ಎಷ್ಟು ಜನ ಅಂತ ನಿಮಗೇ ಗೊತ್ತು.

ನನ್ನ ತಕರಾರು ಶುರುವಾಗೋದು ಕಿಕ್ಕು ಬಿದ್ದ ಮೇಲೆ. ಆ ಸಾಫ್ಟ್‌ವೇರು ತೆರೆದ ಕೂಡಲೇ ಎದುರಿಗೆ ಸಾಲಾಗಿ ಹದಿನಾರು ಚೌಕ ಕಾಣುತ್ತವೆ. ಚೌಕಾಬಾರದ ಮನೆ ಇದ್ದ ಹಾಗೆ. ಯಾವ ಮನೆ ಒತ್ತಿದರೆ ಅಲ್ಲಿ ಪೆಟ್ಟು. ಹದಿನಾರನ್ನು ನಾಲ್ಕು ನಾಲ್ಕಾಗಿ ಹಂಚಿ, 1, 5, 9, 13ನೇ ಮನೆಗೆ ಕಿಕ್ಕು ಇಟ್ಟರೆ ಪ್ರಪಂಚದ ಯಾವ ಡ್ಯಾನ್ಸ್ ಫ್ಲೋರಿಗೂ ಸಲ್ಲುವ ಬೀಟು ತಯಾರು. ಆದರೆ ನಮ್ಮ ಎಷ್ಟೋ ಹಾಡುಗಳ ನಡೆ ನಾಲ್ಕರದ್ದಲ್ಲ, ಮೂರರದ್ದು. ಕೋಲಾಟದ ಪದ, ಬೀಸುವ ಪದ ನೆನಪಿಸಿಕೊಳ್ಳಿ. ತಕಿಟ ತಕಿಟ ಅಂತ ತೂಗುತ್ತವೆ. ಪ್ರತಿ ಪೆಟ್ಟಿನೊಳಗೆ ಮೂರು ಮಾತ್ರೆ. ಇಂಥ ಹಾಡನ್ನು ನಾಲ್ಕರ ಚೌಕಕ್ಕೆ ತುರುಕಿದರೆ ಆಗೋದೇನು? ಅಕ್ಷರಗಳನ್ನು ಒಂದೋ ಎಳೀಬೇಕು, ಇಲ್ಲ ಕತ್ತರಿಸಬೇಕು. ಹಾಡಿದಾಕೆ ಉಸಿರು ತಗೊಂಡ ಜಾಗಕ್ಕೆ ಕಿಕ್ಕು ಬೀಳುತ್ತೆ, ಒತ್ತಿ ಹೇಳಿದ ಅಕ್ಷರ ಎರಡು ಪೆಟ್ಟಿನ ನಡುವೆ ಸಿಕ್ಕಿ ನುಜ್ಜಾಗುತ್ತೆ. ಕುಣಿಯುವಾಗ ಗೊತ್ತಾಗಲ್ಲ. ಕೂತು ಕೇಳಿದರೆ ದನಿ ಒಂದು ದಾರಿ, ಬೀಟು ಒಂದು ದಾರಿ.

ನಮ್ಮೂರ ಹುಡುಗನೊಬ್ಬನಿಗೆ ಇದನ್ನೇ ಹೇಳಿದೆ. ಅವನ ಉತ್ತರ ರೆಡಿ ಇತ್ತು: "ಅಣ್ಣ, ಜನ ಕುಣೀಬೇಕಲ್ಲಣ್ಣ. ನಾಲ್ಕು ಬಿಟ್ಟರೆ ಯಾರ್ ಕುಣೀತಾರೆ?"

ಮಾತು ನ್ಯಾಯವಾಗಿದೆ. ಆದರೆ ಕುಣಿತವನ್ನೂ ಬಿಡದೆ ಹಾಡಿನ ನಡೆಯನ್ನೂ ಉಳಿಸೋ ದಾರಿ ಅದೇ ಸಾಫ್ಟ್‌ವೇರಿನಲ್ಲಿದೆ. ಹದಿನಾರು ಮನೆಯನ್ನು ಹನ್ನೆರಡಕ್ಕೆ ಇಳಿಸಿ. ಕಿಕ್ಕನ್ನು 1, 4, 7, 10ನೇ ಮನೆಗೆ ಇಡಿ. ಪೆಟ್ಟು ನಾಲ್ಕೇ, ಒಂದೊಂದು ಪೆಟ್ಟಿಗೆ ಮೂರು ಮನೆ. ಟೆಂಪೋ 130 ಇದ್ದದ್ದನ್ನು 97.5 ಮಾಡಿದರೆ ಕಾಲಿಗೆ ಮೊದಲಿನಷ್ಟೇ ವೇಗ. ಕುಣಿಯುವವರಿಗೆ ನಷ್ಟವಿಲ್ಲ, ಹಾಡಿನ ತೂಗಾಟವೂ ಉಳೀತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಹೊಸ ಮಷೀನು ಬೇಡ. ತೆರೆದಾಗ ಸಿಕ್ಕ ಹದಿನಾರೇ ತಾಳ ಅಂತ ನಂಬೋದನ್ನು ಬಿಟ್ಟರೆ ಸಾಕು.

ಸ್ವಂತ ಕಲಿತವರ ಕಷ್ಟ ಇರೋದೇ ಇಲ್ಲಿ. ಗುರು ಇಲ್ಲದ ಕಡೆ ಮಷೀನೇ ಗುರು ಆಗಿಬಿಡುತ್ತೆ. ಅದು ಮೊದಲು ತೋರಿಸಿದ್ದೇ ಪಾಠ, ಅದರ ಪೆಟ್ಟಿಗೆಯಲ್ಲಿ ಬಂದ ಸದ್ದೇ ಸದ್ದು. ಮಷೀನನ್ನು ಬೈದು ಪ್ರಯೋಜನವಿಲ್ಲ. ಅದನ್ನು ಮಾಡಿದವರ ಕಿವಿಗೆ ಅವರೂರಿನ ಸಂಗೀತ ಸಹಜ, ಅಷ್ಟೇ.

ಮಷೀನಿಗೆ ನಮ್ಮ ಕಿವಿ ಕಲಿಸಿದವರು ನಮ್ಮಲ್ಲೇ ಇದ್ದಾರೆ. ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಸರ್ಕ್ಯೂಟು ತಂಬೂರಿಯ ಮಾತು ಕೇಳಬೇಕು ಅನ್ನೋದು ಅವರ ಹಟ. ಇವತ್ತು ಸಂಗೀತದ ಪಾಠ ನಡೆಯೋ ಎಷ್ಟೋ ಮನೆಗಳಲ್ಲಿ ಶ್ರುತಿ ಹಿಡಿಯೋದು ಇಂಥ ಪೆಟ್ಟಿಗೆಯೇ. ಮುಂಬೈಯಲ್ಲಿ ಹಿಂದಿ ಸಿನಿಮಾಗಳಿಗೆ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ಕೂಡಿಸಿ ಒಂದು ಎಲ್‌ಪಿ ತಂದರು. ಜಪಾನಿನ ರೋಲ್ಯಾಂಡ್ ಕಂಪನಿಯ ಟಿಬಿ-303 ಅನ್ನೋ ಪುಟ್ಟ ಪೆಟ್ಟಿಗೆ ಬೇಸ್ ಗಿಟಾರಿನ ಬದಲಿಗೆ ಅಂತ ಮಾಡಿದ್ದು. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಸೌಲಭ್ಯ ಅದರಲ್ಲಿತ್ತು. ರಾಗ ಗೊತ್ತಿದ್ದ ಮನುಷ್ಯನಿಗೆ ಆ ಜಾರುವಿಕೆಯಲ್ಲಿ ಮೀಂಡ್ ಕಂಡಿತು. ಆಗ ಯಾರೂ ಆ ಎಲ್‌ಪಿಗೆ ಕಿವಿಗೊಡಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಯುರೋಪಿನ ಡಿಜೆಗಳು ಬೆರಗಾದರು. ಅವರಿಬ್ಬರ ಹಿಂದೆ ಶಾಸ್ತ್ರೀಯ ಸಂಗೀತದ ತಿಳಿವಳಿಕೆ ಇತ್ತು, ನಮ್ಮ ಹುಡುಗರಿಗೆ ಎಲ್ಲಿದೆ ಅಂತೀರಾ? ಸೂತಕ, ಸೋಬಾನೆ, ಜಾತ್ರೆ, ಭಜನೆ ಕೇಳಿಕೊಂಡೇ ಬೆಳೆದ ಕಿವಿ ಇವರದು. ಅದೂ ಒಂದು ಸಂಗೀತ ಶಾಲೆಯೇ. ಆ ಕಿವಿಯನ್ನು ಲ್ಯಾಪ್‌ಟಾಪ್ ತೆರೆಯುವಾಗ ಹೊರಗೆ ಬಿಟ್ಟು ಬರ್ತಾರೆ, ನನ್ನ ಸಿಟ್ಟು ಅದಕ್ಕೆ.

ಸದ್ದಿನ ವಿಷಯಕ್ಕೂ ಇದೇ ಮಾತು. ಡೊಳ್ಳು ಇರುವ ಸೀಮೆ ನಮ್ಮದು. ಒಂದು ಮುಖಕ್ಕೆ ಕೋಲು, ಇನ್ನೊಂದಕ್ಕೆ ಅಂಗೈ. ಹೊಡೆದ ಮೇಲೆ ಚರ್ಮ ಸ್ವಲ್ಪ ಹೊತ್ತು ಗುಂಯ್‌ಗುಡುತ್ತೆ, ಒಂದು ಪೆಟ್ಟು ಇನ್ನೊಂದರ ಹಾಗಿರಲ್ಲ. ರೀಮಿಕ್ಸಿನಲ್ಲಿ ಡೊಳ್ಳು ಅಂತ ಕೇಳಿಸೋದು ಎಲ್ಲಿಂದಲೋ ಇಳಿಸಿಕೊಂಡ ಒಂದೇ ಒಂದು ಧಂ. ಹಾಡಿನ ಉದ್ದಕ್ಕೂ ಅದೇ ಧಂ, ಪಕ್ಕದ ಊರಿನವನ ಹಾಡಲ್ಲೂ ಅದೇ ಧಂ. ಹೊಸದು ಮಾಡಿದೆ ಅಂತ ಕಳಿಸಿದ ಏಳು ಹಾಡು ಒಟ್ಟಿಗೆ ಕೇಳಿದೆ. ಕೂಗೋ ಹೆಸರು ಬಿಟ್ಟರೆ ಯಾವುದು ಯಾರದ್ದು ಅಂತ ಹೇಳೋಕೆ ಆಗಲಿಲ್ಲ. ಮೇಲಾಗಿ ಇವರು ಬೇಸು ಕೂರಿಸೋದು ಇಯರ್‌ಫೋನಿನಲ್ಲೋ ಲ್ಯಾಪ್‌ಟಾಪಿನ ಸಣ್ಣ ಸ್ಪೀಕರಿನಲ್ಲೋ. ಆ ಸ್ಪೀಕರಿನಲ್ಲಿ ತಳದ ಸದ್ದು ಕೇಳಿಸೋದೇ ಇಲ್ಲ, ಅದಕ್ಕೇ ಏರಿಸುತ್ತಾ ಹೋಗ್ತಾರೆ. ಅದೇ ಹಾಡು ಗಾಡಿಯ ದೊಡ್ಡ ಬಾಕ್ಸಿಗೆ ಹೋದಾಗ ಎದೆ ಬಡಿತ ತಪ್ಪುತ್ತೆ. ಜನ ಶಾಪ ಹಾಕುವ ಗದ್ದಲದಲ್ಲಿ ಒಂದು ಪಾಲು ಹೀಗೆ ಮನೆಯಲ್ಲೇ ಹುಟ್ಟಿದ್ದು.

ಇದರಲ್ಲಿ ನಷ್ಟ ಯಾರಿಗೆ? ಮೆರವಣಿಗೆಗೆ ಡಿಜೆ ಗೊತ್ತಾದ ಊರಲ್ಲಿ ಡೊಳ್ಳಿನ ಮೇಳಕ್ಕೆ ಆ ದಿನದ ಸಂಭಾವನೆ ಇಲ್ಲ. ಅವರ ಮಕ್ಕಳೇ ಈಗ ಲ್ಯಾಪ್‌ಟಾಪ್ ಹಿಡಿದಿದ್ದಾರೆ. ಅದನ್ನು ತಪ್ಪು ಅನ್ನಲಾರೆ. ಆದರೆ ಅಪ್ಪನ ಕೈಯಲ್ಲಿರೋ ಗತ್ತು ಮಗನ ಫೈಲಿಗೆ ದಾಟದೆ ಹೋದರೆ ಮುಂದೆ ಅದನ್ನು ಬಿಟ್ಟಿ ಇಳಿಸಿಕೊಳ್ಳೋಕೆ ಎಲ್ಲೂ ಸಿಗಲ್ಲ.

ಮೇಲೆ ಹೇಳಿದೆನಲ್ಲ, ಆ ಹುಡುಗ, ಈಚೆಗೆ ಎರಡು ನಿಮಿಷದ ಒಂದು ತುಣುಕು ಕಳಿಸಿದ. ಅವರ ದೊಡ್ಡಪ್ಪನ ಡೊಳ್ಳನ್ನು ಕಣದಲ್ಲಿ ಮೊಬೈಲಿನಲ್ಲೇ ರೆಕಾರ್ಡ್ ಮಾಡಿ, ಇಪ್ಪತ್ತು ಪೆಟ್ಟು ಬೇರೆ ಬೇರೆ ಕತ್ತರಿಸಿ, ಹನ್ನೆರಡು ಮನೆಯಲ್ಲಿ ಕೂರಿಸಿದ್ದಾನೆ. ಹಿಂದೆ ಅಡಿಕೆ ಸುಲಿಯೋ ಮಷೀನಿನ ಗರಗರ ಸೇರಿಕೊಂಡಿದೆ, ತೆಗೆಯೋಕೆ ಹೋಗಿಲ್ಲ. ಪೂರ್ತಿ ಗೆದ್ದಿದ್ದಾನೆ ಅನ್ನಲಾರೆ. ನಡುವೆ ಸಿಂಥಸೈಜರಿನ ರಾಗಾಲಾಪ ಸುಮ್ಮನೆ ತುಂಬಿದ್ದು, ಕೊನೆ ಏಕಾಏಕಿ ನಿಂತುಬಿಡುತ್ತೆ, ಬೇಸು ಈಗಲೂ ಜಾಸ್ತಿ. ಆದರೆ ಹೆಸರು ಕೂಗದಿದ್ದರೂ ಇದು ಯಾವ ಕಡೆಯದು ಅಂತ ಗೊತ್ತಾಗುತ್ತೆ. "ದೊಡ್ಡಪ್ಪ ಏನಂದ್ರು?" ಅಂತ ಕೇಳಿದೆ. "ಮೂರನೇ ಪೆಟ್ಟು ತಡ ಆಗ್ತೈತಿ ಅಂದ್ರಣ್ಣ, ಸರಿ ಮಾಡ್ತಿದೀನಿ" ಅಂದ.